ಪೋರ್ಟ್ ಆದ ನಂಬರಿನ ಠೇವಣಿ, ತೀರಿಕೊಂಡ ತಂದೆಯ ಹೆಸರಿನ ಚೆಕ್ಕು

ಪ್ರಶ್ನೆ: ಸರ್, ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಯುವ ಘಟಕವಿದೆ. ಹನ್ನೊಂದು ವರ್ಷ ಒಂದೇ ಕಂಪನಿಯ ಪೋಸ್ಟ್‌ಪೇಯ್ಡ್ ನಂಬರ್ ಬಳಸಿದೆ. ಸಂಪರ್ಕ ಪಡೆಯುವಾಗ 1,500 ರೂಪಾಯಿ ಠೇವಣಿ ಕಟ್ಟಿದ್ದೆ. 2019ರಲ್ಲಿ ದುಬೈಯಲ್ಲಿರುವ ಅಕ್ಕನ ಮನೆಗೆ ಹೋಗುವಾಗ ಅಂತರರಾಷ್ಟ್ರೀಯ ರೋಮಿಂಗ್‌ಗೆಂದು ಇನ್ನೂ 3,000 ಕಟ್ಟಿದೆ. ಈ ವರ್ಷ ಜನವರಿ 14ರಂದು ಅದೇ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆ. ಆಗಸ್ಟ್ ಬಂದರೂ ಠೇವಣಿ ಬಂದಿಲ್ಲ. ಮಳಿಗೆಯಲ್ಲಿ ಕೇಳಿದರೆ ‘ನಿಮ್ಮ ನಂಬರ್ ನಮ್ಮ ಸಿಸ್ಟಮ್‌ನಲ್ಲೇ ಇಲ್ಲ’ ಎನ್ನುತ್ತಾರೆ. ಅದೇ ಕಂಪನಿಯ ವಸೂಲಿಯವರು ಮಾತ್ರ ಕೊನೆಯ ಬಿಲ್ 640 ರೂಪಾಯಿ ಬಾಕಿ ಎಂದು ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾರೆ. ಮಾರ್ಚ್‌ನಲ್ಲಿ ನಮ್ಮ ತಂದೆ ತೀರಿಕೊಂಡರು. ಅವರ ನಂಬರನ್ನು ಏಪ್ರಿಲ್‌ನಲ್ಲಿ ಮುಚ್ಚಿಸಿದೆ. ಅವರ 1,000 ರೂಪಾಯಿ ಠೇವಣಿ ಚೆಕ್ಕಿನ ರೂಪದಲ್ಲಿ ಬಂದಿದೆ, ಆದರೆ ಅವರದೇ ಹೆಸರಿಗೆ. ಚೆಕ್ಕಿನ ದಿನಾಂಕ ಜೂನ್ 9. ಅವರ ಬ್ಯಾಂಕ್ ಖಾತೆಯನ್ನು ಮೇ ತಿಂಗಳಲ್ಲೇ ಮುಚ್ಚಿಸಿದ್ದೇವೆ. ಮನೆಯಲ್ಲಿ ತಾಯಿ, ನಾನು, ಅಕ್ಕ ದುಬೈಯಲ್ಲಿ. ಐದೂವರೆ ಸಾವಿರಕ್ಕೆ ಇಷ್ಟು ಓಡಾಟ ಯಾಕೆ, ಬಿಟ್ಟುಬಿಡು ಎನ್ನುತ್ತಾರೆ ಗೆಳೆಯರು. ಏನು ಮಾಡಲಿ?

ಉತ್ತರ: ಬಿಡಬೇಡಿ. ಮೊದಲಿಗೆ ಇದನ್ನೇ ಹೇಳುತ್ತೇನೆ, ಏಕೆಂದರೆ ನಿಮ್ಮ ಗೆಳೆಯರ ಮಾತು ನನಗೆ ಹೊಸದಲ್ಲ. ನಾನು ಒಂಬತ್ತು ವರ್ಷ ಒಂದು ಮೊಬೈಲ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದವನು. ಈಗ ಬಳ್ಳಾರಿಯಲ್ಲಿ ಕುಳಿತು ಇಂಥ ದೂರುಗಳನ್ನು ಬರೆದುಕೊಡುತ್ತೇನೆ. ಠೇವಣಿಯನ್ನು ಕಳೆದುಕೊಂಡವರಲ್ಲಿ ಹೆಚ್ಚಿನವರು ಸೋತು ಕಳೆದುಕೊಂಡವರಲ್ಲ, ಕೇಳದೆ ಬಿಟ್ಟವರು.

ಠೇವಣಿ ಎಂದರೆ ಬಿಲ್ ಅಲ್ಲ, ಶುಲ್ಕವೂ ಅಲ್ಲ. ಅದು ಕಂಪನಿಯ ಕೈಯಲ್ಲಿರುವ ನಿಮ್ಮ ಹಣ. ಅದರ ಮೇಲೆ ಜಿಎಸ್‌ಟಿ ಹಾಕುವುದಿಲ್ಲ ಎಂಬುದರಿಂದಲೇ ಇದು ತಿಳಿಯುತ್ತದೆ. ಠೇವಣಿಯನ್ನು ಬಾಕಿಗೆ ಮುರಿದುಕೊಳ್ಳುವವರೆಗೆ ಕಾನೂನು ಅದನ್ನು ಸೇವೆಗೆ ಕೊಟ್ಟ ಬೆಲೆ ಎಂದು ಎಣಿಸುವುದೇ ಇಲ್ಲ. ಯಾರೂ ಕೇಳದೆ ಉಳಿದ ಠೇವಣಿಯೂ ಕಂಪನಿಯ ಲಾಭದ ಲೆಕ್ಕಕ್ಕೆ ಸೇರುವಂತಿಲ್ಲ. ಅದಕ್ಕೆಂದೇ ದೂರಸಂಪರ್ಕ ಕಂಪನಿಗಳ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2007ರಲ್ಲಿ ಟೆಲಿಕಾಂ ಗ್ರಾಹಕರ ಶಿಕ್ಷಣ ಮತ್ತು ರಕ್ಷಣಾ ನಿಧಿ ಎಂಬುದನ್ನು ಮಾಡಿದೆ. ಗ್ರಾಹಕರಿಗೆ ಮರಳಿಸಲಾಗದೆ ಉಳಿದ ಹಣವನ್ನು ಕಂಪನಿಗಳು ಅಲ್ಲಿಗೆ ಕಟ್ಟಬೇಕು. ನೀವು ಬಿಟ್ಟುಕೊಟ್ಟರೆ ಕಂಪನಿಗೂ ದಕ್ಕದ ಹಣ ಅದು. ಹಾಗಿರುವಾಗ ಕೇಳಲು ಸಂಕೋಚ ಬೇಕಿಲ್ಲ.

ಈಗ ನಿಮ್ಮ ನಂಬರಿನ ವಿಷಯ. ‘ಸಿಸ್ಟಮ್‌ನಲ್ಲೇ ಇಲ್ಲ’ ಎಂದ ಹುಡುಗ ಸುಳ್ಳು ಹೇಳಿದ್ದಾನೆಂದು ನನಗೆ ಅನ್ನಿಸುವುದಿಲ್ಲ. ಮಳಿಗೆಯ ಕಂಪ್ಯೂಟರಿನಲ್ಲಿ ಹುಡುಕುವುದು ಮೊಬೈಲ್ ನಂಬರ್ ಹಾಕಿ. ಪೋರ್ಟ್ ಆದ ದಿನವೇ ಆ ನಂಬರ್ ಚಾಲ್ತಿಯಲ್ಲಿರುವ ಗ್ರಾಹಕರ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಆದರೆ ನಿಮ್ಮ ಖಾತೆ ಅಳಿಸಿಹೋಗಿಲ್ಲ. ಅದು ಬಿಲ್ಲಿಂಗ್ ವಿಭಾಗದಲ್ಲಿ ಖಾತೆ ಸಂಖ್ಯೆಯ ಹೆಸರಿನಲ್ಲಿ ಹಾಗೆಯೇ ಇದೆ. ಇಲ್ಲದಿದ್ದರೆ ವಸೂಲಿಯವರಿಗೆ 640 ರೂಪಾಯಿ ಎಲ್ಲಿಂದ ಕಾಣಿಸಿತು? ಹಳೆಯ ಬಿಲ್ಲುಗಳಲ್ಲಿ ಯಾವುದಾದರೊಂದನ್ನು ತೆಗೆದು ನೋಡಿ. ಮೇಲ್ಭಾಗದಲ್ಲಿ ನಿಮ್ಮ ಹೆಸರಿನ ಆಸುಪಾಸಿನಲ್ಲಿ ಖಾತೆ ಸಂಖ್ಯೆ ಇರುತ್ತದೆ. ಎಷ್ಟೋ ಬಿಲ್ಲುಗಳಲ್ಲಿ ಸಾಲದ ಮಿತಿಯ (ಕ್ರೆಡಿಟ್ ಲಿಮಿಟ್) ಪಕ್ಕದಲ್ಲೇ ಭದ್ರತಾ ಠೇವಣಿ ಇಷ್ಟು ಎಂಬ ಒಂದು ಸಾಲೂ ಇರುತ್ತದೆ. ಆ ಸಾಲು ಸಿಕ್ಕಿದರೆ ರಸೀದಿಯ ಚಿಂತೆಯೇ ಇಲ್ಲ. ಕಂಪನಿ ತನ್ನ ಕೈಯಿಂದಲೇ ಒಪ್ಪಿ ಬರೆದುಕೊಟ್ಟ ಪತ್ರ ಅದು.

ರಸೀದಿಯ ಬಗ್ಗೆ ಒಂದು ಮಾತು. ಮಳಿಗೆಯಲ್ಲಿ ಕೊಡುವ ನುಣುಪು ಕಾಗದದ ರಸೀದಿಯಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿ ಅಕ್ಷರ ಮೂಡುವ ಕಾಗದ ಅದು. ಬಿಸಿಯೇ ಅದನ್ನು ಕೆಡಿಸುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ಬಿಸಿಲಿಗೆ ತಗಡಿನ ಬೀರುವಿನಲ್ಲಿಟ್ಟ ಅಂಥ ರಸೀದಿ ನಾಲ್ಕೈದು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿ ಚೀಟಿಯಾಗಿರುತ್ತದೆ. ಒಬ್ಬರು ಅಂಥದೊಂದು ಬಿಳಿ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟು ತಂದಿದ್ದರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ‘3’ ಮತ್ತು ಎರಡು ಸೊನ್ನೆ ಮಾತ್ರ ಕಂಡವು. ನಿಮ್ಮ 2019ರ ರಸೀದಿ ಇನ್ನೂ ಓದಲು ಬರುವಂತಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅಳಿಸಿಹೋಗಿದ್ದರೆ ಆ ತಿಂಗಳ ಬ್ಯಾಂಕ್ ವಿವರಪಟ್ಟಿಯನ್ನು ತೆಗೆಸಿ. ಕಾರ್ಡ್ ಅಥವಾ ಆನ್‌ಲೈನ್ ಮೂಲಕ ಕಟ್ಟಿದ್ದರೆ ಅಲ್ಲಿ ಸಿಗುತ್ತದೆ.

ನೀವು ಇಷ್ಟರಲ್ಲಿ ಒಮ್ಮೆಯಾದರೂ 198ಕ್ಕೆ ಫೋನ್ ಮಾಡಿರುತ್ತೀರಿ ಎಂದುಕೊಳ್ಳುತ್ತೇನೆ. ಅಲ್ಲೊಂದು ತೊಡಕಿದೆ. 198 ಎಂಬುದು ದೂರು ಕೊಡುವ ಸಂಖ್ಯೆ ನಿಜ, ಆದರೆ ಕರೆ ಹೋಗುವುದು ನಿಮ್ಮ ಸಿಮ್ ಈಗ ಯಾವ ಕಂಪನಿಯದೋ ಆ ಕಂಪನಿಗೆ. ಪೋರ್ಟ್ ಆದ ಸಿಮ್‌ನಿಂದ 198 ಒತ್ತಿದರೆ ಎತ್ತುವವರು ಹೊಸ ಕಂಪನಿಯವರು. ಹಳೆಯ ಠೇವಣಿಯ ಸುದ್ದಿ ಅವರಿಗೆ ಹೇಗೆ ಗೊತ್ತಿರಬೇಕು? ಹಳೆಯ ಕಂಪನಿಯ ಆ್ಯಪ್‌ಗೆ ಹೋದರೂ ಒಳಗೆ ಬಿಡುವುದಿಲ್ಲ, ಆ ನಂಬರ್ ತನ್ನದಲ್ಲ ಎನ್ನುತ್ತದೆ. ಆದ್ದರಿಂದ ನಿಮ್ಮ ಘಟಕದಲ್ಲಿ ಕಟಿಂಗ್ ಮಾಸ್ಟರ್ ಹತ್ತಿರವೋ ಹೊಲಿಗೆಯವರ ಹತ್ತಿರವೋ ಹಳೆಯ ಕಂಪನಿಯ ಸಿಮ್ ಇದ್ದರೆ ಅದರಿಂದ 198ಕ್ಕೆ ಮಾಡಿ. ‘ಮುಚ್ಚಿದ ಖಾತೆಯ ಠೇವಣಿ ವಾಪಸಾತಿಯ ದೂರು’ ಎಂದೇ ಹೇಳಿ, ಖಾತೆ ಸಂಖ್ಯೆ ಕೊಡಿ, ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಅವರು ಅದನ್ನು ಡಾಕೆಟ್ ನಂಬರ್ ಎನ್ನುತ್ತಾರೆ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಪ್ರತಿ ದೂರಿಗೂ ಈ ಸಂಖ್ಯೆಯನ್ನು ಕೊಡಲೇಬೇಕು.

ಈ ಸಂಖ್ಯೆಗೆ ನಾನು ಯಾಕಿಷ್ಟು ಒತ್ತು ಕೊಡುತ್ತೇನೆಂದರೆ, ಒಳಗೆ ಕೆಲಸ ಹೇಗೆ ನಡೆಯುತ್ತದೆಂದು ಕಂಡಿದ್ದೇನೆ. ಠೇವಣಿ ತಡವಾಗುವುದು ಯಾರೋ ಒಬ್ಬರು ಕೂತು ತಡೆದದ್ದರಿಂದ ಅಲ್ಲ. ಖಾತೆ ಮುಚ್ಚುತ್ತದೆ, ಕೊನೆಯ ಬಿಲ್ ಹುಟ್ಟುತ್ತದೆ, ಬಾಕಿ ಕಳೆದು ಉಳಿದದ್ದನ್ನು ಕಳುಹಿಸಬೇಕು. ಕಳುಹಿಸಲು ಬ್ಯಾಂಕ್ ಖಾತೆಯ ವಿವರ ಬೇಕು. ಹನ್ನೊಂದು ವರ್ಷದ ಹಿಂದಿನ ಅರ್ಜಿಯಲ್ಲಿ ಅದು ಇರುವುದಿಲ್ಲ. ಆಗ ಆ ಖಾತೆ ‘ವಿವರ ಇಲ್ಲ’ ಎಂಬ ಪಟ್ಟಿಗೆ ಬೀಳುತ್ತದೆ. ಆ ಪಟ್ಟಿಯಲ್ಲಿರುವವರಿಗೆ ಫೋನ್ ಮಾಡಿ ವಿವರ ಕೇಳುವುದು ಯಾರ ಕೆಲಸವೂ ಅಲ್ಲ. ಬಾಕಿ ವಸೂಲಿಯ ಪಟ್ಟಿ ಇನ್ನೊಂದು, ಅದಕ್ಕೆ ಬೇರೆ ಜನ, ಅವರಿಗೆ ಠೇವಣಿಯ ಅಂಕಣ ಕಾಣಿಸುವುದೇ ಇಲ್ಲ. ಹೀಗೆ ಒಂದೇ ಖಾತೆಯಲ್ಲಿ 4,500 ಕೊಡಬೇಕಾದ ಕಂಪನಿ 640 ಕೊಡು ಎಂದು ನಿಮ್ಮನ್ನೇ ಕಾಡುತ್ತದೆ. ದೂರಿನ ಸಂಖ್ಯೆ ಹುಟ್ಟಿದ ಕೂಡಲೇ ಅದಕ್ಕೊಂದು ಗಡುವು ಹತ್ತಿಕೊಳ್ಳುತ್ತದೆ, ಗಡುವಿನ ಹಿಂದೆ ಉತ್ತರ ಕೊಡಬೇಕಾದ ಒಬ್ಬ ಮನುಷ್ಯ ನಿಲ್ಲುತ್ತಾನೆ. ಮಳಿಗೆಗೆ ಹತ್ತು ಸಲ ಹೋಗಿ ಬಾಯಲ್ಲಿ ಕೇಳಿದ್ದು ಎಲ್ಲೂ ದಾಖಲಾಗುವುದಿಲ್ಲ. ಆ ಮಳಿಗೆಗಳಲ್ಲಿ ಬಹಳಷ್ಟು ಏಜೆನ್ಸಿ ಪಡೆದವರು ನಡೆಸುವಂಥವು. ನಿಮ್ಮ ಹಣ ಅವರ ಕೈಯಲ್ಲಿಲ್ಲ. ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಗಡುವು ಎಷ್ಟು? ಸೇವೆ ಮುಚ್ಚಿದ 60 ದಿನಗಳೊಳಗೆ ಠೇವಣಿ ಮರಳಿಸಬೇಕು ಎಂದು ಟ್ರಾಯ್‌ನ 2009ರ ಸೇವಾ ಗುಣಮಟ್ಟ ನಿಯಮಾವಳಿ ಹೇಳಿತ್ತು, ಅದೂ ನೂರಕ್ಕೆ ನೂರು ಪ್ರಕರಣಗಳಲ್ಲಿ. 2024ರ ಅಕ್ಟೋಬರ್ 1ರಿಂದ ಹೊಸ ನಿಯಮಾವಳಿ ಬಂದಿದೆ. ಅದು ಈ ಗಡುವನ್ನು ಸಡಿಲಿಸಿಲ್ಲ. ಹಳೆಯ ಲೆಕ್ಕವನ್ನೇ ಹಿಡಿದರೂ ಜನವರಿ 14ರಿಂದ ಅರವತ್ತನೆಯ ದಿನ ಎಂದರೆ ಮಾರ್ಚ್ 15. ಅಲ್ಲಿಂದ ಈಚೆಗೆ ವರ್ಷಕ್ಕೆ ಶೇ 10ರಂತೆ ಬಡ್ಡಿಯನ್ನೂ ಕೇಳಿ. ಅರವತ್ತು ದಿನ ದಾಟಿದ ಠೇವಣಿಗೆ ಟ್ರಾಯ್ ಹಿಂದಿನಿಂದಲೂ ಗೊತ್ತುಮಾಡಿದ ದರ ಅದು. 640 ಕಳೆದು ಉಳಿಯುವ 3,860 ರೂಪಾಯಿಗೆ ತಿಂಗಳಿಗೆ ಮೂವತ್ತೆರಡು ರೂಪಾಯಿ ಚಿಲ್ಲರೆ, ಆಗಸ್ಟ್ ನಡುವಿಗೆ ಸುಮಾರು 160 ರೂಪಾಯಿ. ದೊಡ್ಡ ಮೊತ್ತವಲ್ಲ ಎಂದು ಬಿಡಬೇಡಿ, ದೂರಿನಲ್ಲಿ ಬರೆಯಿರಿ. ಬಡ್ಡಿಯ ಸಾಲು ಇರುವ ದೂರನ್ನು ಓದುವವರು, ಇವರಿಗೆ ನಿಯಮ ಗೊತ್ತಿದೆ ಎಂದು ತಿಳಿದೇ ಓದುತ್ತಾರೆ.

ಆ 640ರ ಬಗ್ಗೆ ಸ್ವಲ್ಪ ನಿಲ್ಲೋಣ. ಮೊದಲು ಆ ಬಿಲ್ ತರಿಸಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ನೋಡಿ. ಜನವರಿ 14ರ ನಂತರದ ದಿನಗಳಿಗೂ ಬಾಡಿಗೆ ಹಾಕಿದ್ದರೆ ಅದು ತಪ್ಪು. ಸಿಮ್ ಸತ್ತ ಮೇಲೆ ಬಾಡಿಗೆ ಇಲ್ಲ. ಇನ್ನೊಂದು ಅಂಶ ನಿಮ್ಮ ಪರವಾಗಿದೆ. ಪೋರ್ಟ್ ಮಾಡಿಸಲು 1900ಕ್ಕೆ ಸಂದೇಶ ಕಳುಹಿಸಿ ಒಂದು ಕೋಡ್ ಪಡೆದಿರಲ್ಲ, 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿರುವ ಪದ್ಧತಿಯಲ್ಲಿ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಆ ಕೋಡ್ ಬರಬೇಕಾದರೆ ಅಲ್ಲಿಯವರೆಗೆ ಬಂದ ಬಿಲ್ಲುಗಳ ಬಾಕಿ ತೀರಿರಬೇಕು. ಕೋಡ್ ಬಂತು ಎಂದರೆ ಹಳೆಯ ಬಿಲ್ ಬಾಕಿ ಇರಲಿಲ್ಲ ಎಂದು ಕಂಪನಿಯೇ ಒಪ್ಪಿದಂತೆ. ಉಳಿಯುವುದು ಕೊನೆಯ ಬಿಲ್ಲಿನಿಂದ ಪೋರ್ಟ್ ಆದ ದಿನದವರೆಗಿನ ಬಳಕೆ ಮಾತ್ರ. ಅದು ಒಂದಿಷ್ಟು ನ್ಯಾಯವಾಗಿ ಇರಲೂಬಹುದು.

ನ್ಯಾಯವಾದ ಬಾಕಿಯಾದರೆ ಠೇವಣಿಯಲ್ಲಿ ಮುರಿದುಕೊಳ್ಳಿ ಎಂದು ಬರೆಯಿರಿ. ಠೇವಣಿ ಇರುವುದೇ ಅದಕ್ಕೆ. ಆದರೆ ಒಂದು ಎಚ್ಚರಿಕೆ: ಪೋರ್ಟ್ ಆದ ಮೇಲೂ ಹಳೆಯ ಕಂಪನಿಯ ಬಾಕಿ ತೀರದಿದ್ದರೆ, ಆ ಕಂಪನಿಯ ಕೋರಿಕೆಯ ಮೇಲೆ ಹೊಸ ಕಂಪನಿ ನಿಮ್ಮ ನಂಬರನ್ನು ಕಡಿತಗೊಳಿಸಬಹುದು. ಅಂಥ ನೋಟಿಸ್ ಸಂದೇಶ ಬಂದರೆ ಹಟ ಹಿಡಿಯಬೇಡಿ. ಹನ್ನೊಂದು ವರ್ಷದಿಂದ ವ್ಯಾಪಾರಿಗಳಿಗೆಲ್ಲ ಗೊತ್ತಿರುವ ನಂಬರ್ ಅದು, 640ಕ್ಕೆ ಅದನ್ನು ಪಣಕ್ಕಿಡುವುದು ಬೇಡ. ಹಣ ಕಟ್ಟಿ, ‘ಆಕ್ಷೇಪಣೆಗೆ ಒಳಪಟ್ಟು ಕಟ್ಟಿದ್ದೇನೆ’ ಎಂದು ಅದೇ ದಿನ ಇಮೇಲ್ ಕಳುಹಿಸಿ, ಆಮೇಲೆ ಪೂರ್ತಿ 4,500 ಕೇಳಿ.

ದೂರನ್ನು ಫೋನಿನಲ್ಲಿ ಕೊಟ್ಟರೂ ಇಮೇಲ್‌ನಲ್ಲಿ ಇನ್ನೊಮ್ಮೆ ಬರೆಯಿರಿ. ಕನ್ನಡದಲ್ಲೇ ಬರೆಯಬಹುದು. ಉದ್ದ ಬೇಡ, ಕಷ್ಟ ತೋಡಿಕೊಳ್ಳುವುದೂ ಬೇಡ. ನಾನಾದರೆ ಹೀಗೆ ಬರೆಯುತ್ತೇನೆ:

‘ನನ್ನ ಖಾತೆ ಸಂಖ್ಯೆ ಇಂಥದು, ಮೊಬೈಲ್ ಸಂಖ್ಯೆ ಇಂಥದು. ಸಂಪರ್ಕಕ್ಕೆ 1,500 ಹಾಗೂ ಅಂತರರಾಷ್ಟ್ರೀಯ ರೋಮಿಂಗ್‌ಗೆ 3,000, ಒಟ್ಟು 4,500 ರೂಪಾಯಿ ಠೇವಣಿ ನಿಮ್ಮಲ್ಲಿದೆ. ಜನವರಿ 14ರಂದು ಸಂಖ್ಯೆ ಪೋರ್ಟ್ ಆಗಿ ಸೇವೆ ಮುಗಿದಿದೆ. ಠೇವಣಿ ಮರಳಿಸುವ ಅವಧಿ ಮುಗಿದು ತಿಂಗಳುಗಳಾಗಿವೆ. ನ್ಯಾಯವಾದ ಬಾಕಿ ಇದ್ದರೆ ಬಿಲ್ಲಿನ ಪ್ರತಿ ಕೊಟ್ಟು ಅದನ್ನು ಠೇವಣಿಯಲ್ಲಿ ಕಳೆದು, ಉಳಿದದ್ದನ್ನು ಮಾರ್ಚ್ 15ರಿಂದ ಶೇ 10ರ ಬಡ್ಡಿಯೊಂದಿಗೆ ಕೆಳಗಿನ ಬ್ಯಾಂಕ್ ಖಾತೆಗೆ ಜಮಾ ಮಾಡಿ. ಈ ದೂರಿನ ಸಂಖ್ಯೆಯನ್ನು ತಿಳಿಸಿ.’

ಕೆಳಗೆ ಖಾತೆದಾರರ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್. ರದ್ದುಪಡಿಸಿದ ಒಂದು ಚೆಕ್ಕಿನ ಫೋಟೊ, ಹಳೆಯ ಬಿಲ್ಲಿನ ಫೋಟೊ. ಇಷ್ಟೇ. ಈ ಬ್ಯಾಂಕ್ ವಿವರವನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡುವುದರಿಂದ ಅರ್ಧ ಪ್ರಕರಣಗಳು ಇಲ್ಲೇ ಮುಗಿಯುತ್ತವೆ ಎಂಬುದು ನನ್ನ ಅನುಭವ.

ಕಂಪನಿಯ ವಿಳಾಸ, ಇಮೇಲ್ ಹುಡುಕುವಾಗ ಜಾಗ್ರತೆ. ಹುಡುಕಾಟದಲ್ಲಿ ಮೊದಲಿಗೆ ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಬೇಡಿ. ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಅಚ್ಚಾಗಿರುವುದನ್ನೇ ನಂಬಿ. ‘ಠೇವಣಿ ವಾಪಸ್ ಕಳುಹಿಸುತ್ತಿದ್ದೇವೆ, ಒಂದು ಆ್ಯಪ್ ಹಾಕಿಕೊಳ್ಳಿ, ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಅವರು ಕಳ್ಳರು. ಹಣ ನಿಮ್ಮ ಖಾತೆಗೆ ಬರಲು ನಿಮ್ಮ ಪಿನ್ ಬೇಕಿಲ್ಲ, ಒಟಿಪಿ ಬೇಕಿಲ್ಲ. 4,500 ಕೇಳಲು ಹೋಗಿ ನಲವತ್ತು ಸಾವಿರ ಕಳೆದುಕೊಂಡು ನನ್ನ ಮುಂದೆ ಕೂತು ಅತ್ತವರಿದ್ದಾರೆ. ಅಂಥದ್ದೇನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಬಿಲ್ಲಿಂಗ್ ದೂರುಗಳಿಗೆ ನಾಲ್ಕರಿಂದ ಆರು ವಾರ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ, ಅಥವಾ ‘ದೂರು ಬಗೆಹರಿಸಲಾಗಿದೆ’ ಎಂಬ ಸಂದೇಶ ಬಂದು ಹಣ ಬರದಿದ್ದರೆ (ಹೀಗೂ ಆಗುತ್ತದೆ), ಅಲ್ಲಿಂದ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಪ್ರತಿ ಕಂಪನಿಯೂ ಇದನ್ನು ಇಟ್ಟಿರಬೇಕು. ಶುಲ್ಕವಿಲ್ಲ, ಇಮೇಲ್ ಸಾಕು, ದೂರಿನ ಸಂಖ್ಯೆ ಮಾತ್ರ ಕಡ್ಡಾಯ. 39 ದಿನಗಳಲ್ಲಿ ಅವರು ತೀರ್ಮಾನ ಹೇಳಬೇಕು. ದೂರಿನ ಸಂಖ್ಯೆ ಇಲ್ಲದೆ ಇಲ್ಲಿಗೆ ಬಂದರೆ ಬಾಗಿಲಲ್ಲೇ ವಾಪಸ್ ಕಳುಹಿಸುತ್ತಾರೆ.

ಹಲವರು ನೇರವಾಗಿ ಟ್ರಾಯ್‌ಗೇ ಬರೆಯುತ್ತಾರೆ. ಬರೆದರೆ ತಪ್ಪಿಲ್ಲ, ಆದರೆ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರ ಟ್ರಾಯ್‌ಗೆ ಇಲ್ಲ; ಅದು ನಿಮ್ಮ ಪತ್ರವನ್ನು ಕಂಪನಿಗೇ ದಾಟಿಸುತ್ತದೆ. ಅದಕ್ಕಿಂತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕನ್ನಡದಲ್ಲೇ ಮಾತನಾಡಬಹುದು. ಅದೂ ನ್ಯಾಯಾಲಯವಲ್ಲ, ಆದರೆ ಅಲ್ಲಿಂದ ಹೋದ ದೂರು ಕಂಪನಿಯಲ್ಲಿ ಮಳಿಗೆಯ ಹಂತ ದಾಟಿ ಉತ್ತರ ಕೊಡಬಲ್ಲವರ ಮೇಜಿಗೆ ಹೋಗುತ್ತದೆ. ಮೇಲ್ಮನವಿಯ ಜೊತೆಜೊತೆಗೇ ಇದನ್ನೂ ಮಾಡಿ. ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗದ ಸಂಖ್ಯೆ 1063. ಕಂಪನಿಯ ಎರಡೂ ಹಂತ ಮುಗಿದ ಮೇಲೆ ಅಲ್ಲಿಗೆ ಹೋಗುವುದು ಕ್ರಮ.

ಇಷ್ಟೆಲ್ಲ ಆಗಿಯೂ ಬರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಿಂದೆ ಈ ಹಂತದಲ್ಲಿ ಕಂಪನಿಗಳು ಒಂದು ವಾದ ಹೂಡುತ್ತಿದ್ದವು: ದೂರವಾಣಿಯ ತಕರಾರು 1885ರ ಟೆಲಿಗ್ರಾಫ್ ಕಾಯ್ದೆಯಡಿ ಮಧ್ಯಸ್ಥಗಾರರ ಮುಂದೆ ಹೋಗಬೇಕು, ಗ್ರಾಹಕ ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂದು. 2009ರ ಒಂದು ತೀರ್ಪನ್ನು ಹಿಡಿದು ಎಷ್ಟೋ ಬಡಪಾಯಿಗಳ ದೂರುಗಳನ್ನು ತಳ್ಳಿಹಾಕಿಸಿದರು. ವೊಡಾಫೋನ್ ಐಡಿಯಾ ಪ್ರಕರಣದಲ್ಲಿ 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಬಾಗಿಲನ್ನು ಮತ್ತೆ ತೆರೆಯಿತು. ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ಗ್ರಾಹಕರಿಗಿದೆ ಎಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ‘ಸೇವೆ’ಯ ವ್ಯಾಖ್ಯೆಯಲ್ಲೇ ಟೆಲಿಕಾಂ ಎಂದು ಹೆಸರಿಸಿದೆ. ಹಳೆಯ ವಾದವನ್ನು ಯಾರಾದರೂ ಎತ್ತಿದರೆ ಹೆದರಬೇಡಿ.

ಈ ಕಾಯ್ದೆಯ ಇನ್ನೊಂದು ಉಪಕಾರವನ್ನು ನಮ್ಮ ಕಡೆಯವರು ತಿಳಿದಿರಬೇಕು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ನೀವು ವಾಸವಾಗಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಳ್ಳಾರಿಯವರು ಬಳ್ಳಾರಿಯಲ್ಲಿ, ಸಿಂಧನೂರಿನವರು ರಾಯಚೂರಿನಲ್ಲಿ, ಗಂಗಾವತಿಯವರು ಕೊಪ್ಪಳದಲ್ಲಿ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ನಿಮಗೆ ಇನ್ನೂ ಬೇಕಾದಷ್ಟು ಕಾಲವಿದೆ. ದೂರಿನಲ್ಲಿ ಎದುರುದಾರರಾಗಿ ಕಂಪನಿಯ ನೋಂದಾಯಿತ ಕಚೇರಿಯನ್ನು ಹೆಸರಿಸಿ, ಮಳಿಗೆಯೊಂದನ್ನೇ ಹೆಸರಿಸಬೇಡಿ. ಠೇವಣಿ, ಬಡ್ಡಿ, ಓಡಾಟದ ಖರ್ಚು, ಮಾನಸಿಕ ಕಿರುಕುಳಕ್ಕೆ ಪರಿಹಾರ ಎಲ್ಲವನ್ನೂ ಕೇಳಬಹುದು.

ಒಂದು ಪ್ರಶ್ನೆ ನಿಮಗೆ ಎದುರಾಗಬಹುದು. ಜೀನ್ಸ್ ಘಟಕಕ್ಕೆ ಬಳಸಿದ ನಂಬರ್ ತಾನೇ, ಇದು ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ ಎನ್ನಬಹುದು. ನಂಬರ್ ಘಟಕದ ಹೆಸರಿನಲ್ಲಿಲ್ಲ, ನಿಮ್ಮ ಹೆಸರಿನಲ್ಲಿದ್ದರೆ ಈ ವಾದ ಬಲವಾಗಿ ನಿಲ್ಲುವುದಿಲ್ಲ. ಜೀವನೋಪಾಯಕ್ಕಾಗಿ ಸ್ವಂತ ಉದ್ಯೋಗ ಮಾಡುವವರು ತಮ್ಮ ಬಳಕೆಗೆ ಕೊಂಡ ವಸ್ತುವನ್ನು ಕಾಯ್ದೆಯೇ ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ; ಅದೇ ತತ್ವ ಸೇವೆಗೂ ಸಲ್ಲಬೇಕು ಎಂದು ನೀವು ವಾದಿಸಬಹುದು. ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ತಾನೂ ಕೂತು ಹೊಲಿಯುವವರಿಗೆ ಇದು ಆಸರೆ. ದೂರಿನ ಮೊದಲ ಪ್ಯಾರಾದಲ್ಲೇ ಆ ಮಾತನ್ನು ಬರೆಯಿರಿ.

ಕಾಲ ಎಷ್ಟು ಹಿಡಿಯುತ್ತದೆಂದು ಪ್ರಾಮಾಣಿಕವಾಗಿ ಹೇಳಬೇಕು. ಎದುರುದಾರರಿಗೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ. ಆದರೆ ಇಷ್ಟು ಸಣ್ಣ ಮೊತ್ತದ ಪ್ರಕರಣಗಳು ಆಯೋಗದವರೆಗೆ ಬರುವುದೇ ಅಪರೂಪ. ಮೇಲ್ಮನವಿ ಮತ್ತು 1915ರ ನಡುವೆಯೇ ಹಣ ಬಂದುಬಿಡುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಸ್ಪೈಸ್, ಟಾಟಾ ಡೊಕೊಮೊ ಕಾಲದ ಠೇವಣಿಗಳ ಬಗ್ಗೆಯೂ ಆಗಾಗ ಕೇಳುತ್ತಾರೆ. ಕಂಪನಿ ಇನ್ನೊಂದರಲ್ಲಿ ವಿಲೀನವಾಗಿದ್ದರೆ ಕೊಂಡವರನ್ನೇ ಕೇಳಬೇಕು. ಸ್ಪೈಸ್ ಐಡಿಯಾಗೆ ಸೇರಿ, ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಒಂದಾಯಿತು. ಟಾಟಾದ ಮೊಬೈಲ್ ಗ್ರಾಹಕರು 2019ರಲ್ಲಿ ಏರ್‌ಟೆಲ್‌ಗೆ ಹೋದರು. ಏರ್‌ಸೆಲ್ ಮತ್ತು ರಿಲಯನ್ಸ್ ಕಮ್ಯುನಿಕೇಷನ್ಸ್ ದಿವಾಳಿ ಪ್ರಕ್ರಿಯೆಗೆ ಒಳಗಾದವು. ಅಲ್ಲಿನ ಠೇವಣಿಯ ಮೇಲೆ ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ.

ಈಗ ನಿಮ್ಮ ತಂದೆಯವರ ಚೆಕ್ಕು. ಇದು ಮೊತ್ತದಲ್ಲಿ ಸಣ್ಣದು, ಅವಸರ ಮಾತ್ರ ಇದಕ್ಕೇ ಹೆಚ್ಚು. ಚೆಕ್ಕಿಗೆ ಆಯುಷ್ಯ ಮೂರೇ ತಿಂಗಳು. ಜೂನ್ 9ರ ಚೆಕ್ಕು ಸೆಪ್ಟೆಂಬರ್ ಮೊದಲ ವಾರ ದಾಟಿದರೆ ಬರೀ ಕಾಗದ. ನಿಮ್ಮ ಖಾತೆಗೆ ಹಾಕಲು ಹೋಗಬೇಡಿ, ಹೆಸರು ಹೊಂದುವುದಿಲ್ಲ. ತಂದೆಯವರ ಹೆಸರಿನಲ್ಲಿ ಹಿಂದೆ ಸಹಿ ಮಾಡಿ ಹಾಕಬಹುದೇ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಲೇಬೇಡಿ. ಸಾವಿರ ರೂಪಾಯಿಗೆ ಅದು ಖೋಟಾ ಸಹಿಯ ಅಪರಾಧವಾಗುತ್ತದೆ. ತೀರಿಕೊಂಡವರ ಹೆಸರಿಗೆ ಆಮೇಲೆ ಬರುವ ಹಣಕ್ಕಾಗಿ ಬ್ಯಾಂಕುಗಳು ‘ದಿವಂಗತರ ಎಸ್ಟೇಟ್’ ಎಂಬ ಹೆಸರಿನ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ 2005ರಲ್ಲೇ ದಾರಿ ಮಾಡಿದೆ. ದೊಡ್ಡ ಮೊತ್ತಗಳು ಬರುವುದಿದ್ದರೆ ಅದು ಸರಿ. ನಿಮ್ಮ ಮನೆಯಲ್ಲಿ ಇದೊಂದೇ ಚೆಕ್ಕು ಇರುವುದಾದರೆ ಕಂಪನಿಗೆ ಮರಳಿಸಿ, ವಾರಸುದಾರರ ಹೆಸರಿಗೆ ಬರೆಸಿಕೊಳ್ಳುವುದೇ ಸುಲಭ.

ಚೆಕ್ಕಿನ ಎರಡೂ ಬದಿಯ ಜೆರಾಕ್ಸ್ ಇಟ್ಟುಕೊಳ್ಳಿ. ಮಹಾನಗರ ಪಾಲಿಕೆಯಿಂದ ಪಡೆದ ಮರಣ ಪ್ರಮಾಣಪತ್ರದ ಪ್ರತಿ, ನಾಡಕಚೇರಿಯ ವಂಶವೃಕ್ಷದ ಪ್ರತಿ, ತಾಯಿಯವರ ಗುರುತಿನ ಚೀಟಿ ಮತ್ತು ಪಾಸ್‌ಬುಕ್ಕಿನ ಮೊದಲ ಪುಟ ಲಗತ್ತಿಸಿ. ಹೊಸ ಚೆಕ್ಕನ್ನು ತಾಯಿಯವರ ಹೆಸರಿಗೆ ಕೇಳಿ. ನೀವೂ ನಿಮ್ಮ ಅಕ್ಕನೂ ‘ನಮ್ಮ ತಾಯಿಯವರಿಗೆ ಕೊಡಲು ನಮ್ಮ ಒಪ್ಪಿಗೆ ಇದೆ’ ಎಂದು ಒಂದೇ ಹಾಳೆಯಲ್ಲಿ ಬರೆದು ಸಹಿ ಮಾಡಿ. ಅಕ್ಕ ದುಬೈಯಲ್ಲಿ ಸಹಿ ಮಾಡಿ ಫೋಟೊ ತೆಗೆದು ಕಳುಹಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದು ಕಂಪನಿ ಹೇಳಿದರೆ ಒಪ್ಪಬೇಡಿ. ಅದನ್ನು ಪಡೆಯುವ ಖರ್ಚು ಈ ಸಾವಿರವನ್ನು ಮೀರುತ್ತದೆ. ಮುಚ್ಚಳಿಕೆ ಬರೆದುಕೊಡುತ್ತೇನೆ ಎನ್ನಿ, ಅಷ್ಟಕ್ಕೂ ಕೇಳದಿದ್ದರೆ ಮೇಲ್ಮನವಿಯಲ್ಲಿ ಈ ಮಾತನ್ನೇ ಎತ್ತಿ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ತಾಯಿಯವರ ಹೆಸರಿನಲ್ಲಿ ಅರ್ಜಿ ಹೋದರೆ ಈ ಅನುಕೂಲವೂ ಇದೆ. ಅದರ ಸಹಾಯವಾಣಿ 15100.

ಎಲ್ಲವನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅಂಚೆ ಕಚೇರಿಯ ರಸೀದಿಯನ್ನು ಜೆರಾಕ್ಸ್ ಜೊತೆ ಪಿನ್ ಮಾಡಿ ಇಡಿ. ಈ ವಾರವೇ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಏಪ್ರಿಲ್‌ನಲ್ಲಿ ಮುಚ್ಚಿಸಿದ ತಂದೆಯವರ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ. ಆ ಅವಧಿ ಈಗ ಮುಗಿದಿದೆ. ಯಾವತ್ತಾದರೂ ಅದು ಹೊಸಬರೊಬ್ಬರ ಕೈಗೆ ಹೋಗಬಹುದು. ಮನೆಯ ಗ್ಯಾಸ್ ಸಂಪರ್ಕ, ವಿದ್ಯುತ್ ಬಿಲ್, ತಾಯಿಯವರ ಬ್ಯಾಂಕ್ ಖಾತೆ, ಘಟಕದ ಜಿಎಸ್‌ಟಿ, ಎಲ್ಲಾದರೂ ಆ ನಂಬರ್ ಇನ್ನೂ ಉಳಿದಿದ್ದರೆ ಇವತ್ತೇ ಬದಲಿಸಿ. ಅವರ ವಾಟ್ಸ್‌ಆ್ಯಪ್ ಖಾತೆ ಹಳೆಯ ಫೋನಿನಲ್ಲಿ ಇನ್ನೂ ತೆರೆದೇ ಇದ್ದರೆ, ಅದರಲ್ಲಿರುವ ಫೋಟೊಗಳನ್ನೂ ಅವರ ಧ್ವನಿ ಸಂದೇಶಗಳನ್ನೂ ಮೊದಲು ಬೇರೆ ಕಡೆ ಉಳಿಸಿಕೊಳ್ಳಿ. ಆ ನಂಬರ್ ಪಡೆದ ಹೊಸಬರು ತಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದ ದಿನ ತಂದೆಯವರ ಹಳೆಯ ಫೋನಿನಲ್ಲಿ ಅದು ಮುಚ್ಚಿಹೋಗುತ್ತದೆ.